ಫಿನ್ಲೆಂಡಿನ ರಾಜಕಾರಣವನ್ನು ಓದಿಕೊಳ್ಳುವ ಬಗೆ

ಫಿನ್ಲೆಂಡಿನ ಸುದ್ದಿಯನ್ನು ಹೊಸದಾಗಿ ಗಮನಿಸತೊಡಗಿದವರು ಬಹುತೇಕ ಒಂದು ಮುಖವನ್ನು ಹಿಡಿದು ಹೊರಡುತ್ತಾರೆ. 34ನೇ ವಯಸ್ಸಿಗೆ ಪ್ರಧಾನಿಯಾದ ಸನ್ನಾ ಮರೀನ್ ಆಗಿರಬಹುದು, ಈಗಿನ ಅಧ್ಯಕ್ಷ ಅಲೆಕ್ಸಾಂಡರ್ ಸ್ಟುಬ್ ಆಗಿರಬಹುದು. ಆದರೆ ಆ ದೇಶದಲ್ಲಿ ನಾಯಕರಿಗಿಂತ ಅವರನ್ನು ಕುರ್ಚಿಯಲ್ಲಿ ಕೂರಿಸಿದ ಒಪ್ಪಂದಕ್ಕೆ ತೂಕ ಹೆಚ್ಚು. ಆದ್ದರಿಂದ ಯಾವ ಸುದ್ದಿಯನ್ನೇ ಓದುವಾಗಲೂ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು: ಈ ವಿಷಯ ಯಾರ ಅಧಿಕಾರಕ್ಕೆ ಸೇರಿದ್ದು, ಮತ್ತು ಯಾವ ಮಿತ್ರಪಕ್ಷ ಕೈಬಿಟ್ಟರೆ ಇದು ಬಿದ್ದುಹೋಗುತ್ತದೆ?

ಮೊದಲ ಪ್ರಶ್ನೆಗೆ ಉತ್ತರ ಬೇಕೆಂದರೆ 2000ದ ಮಾರ್ಚ್ 1ರಿಂದ ಆರಂಭಿಸಬೇಕು. ಹೊಸ ಸಂವಿಧಾನ ಜಾರಿಗೆ ಬಂದದ್ದು ಅಂದು. ಅದಕ್ಕೂ ಮೊದಲು, 1956ರಿಂದ 1982ರವರೆಗೆ ಅಧ್ಯಕ್ಷರಾಗಿದ್ದ ಉರ್ಹೊ ಕೆಕ್ಕೊನೆನ್ ಅವರ ಕಾಲದಲ್ಲಿ ಸರ್ಕಾರಗಳು ಅವರ ಇಚ್ಛೆಯನ್ನು ನೋಡಿಕೊಂಡು ಹುಟ್ಟುತ್ತಿದ್ದವು, ಅಳಿಯುತ್ತಿದ್ದವು. ಮಾಸ್ಕೋದೊಂದಿಗಿನ ಸಂಬಂಧ ಅವರ ಕೈಯಲ್ಲಿದ್ದದ್ದೇ ಆ ಬಲದ ಮೂಲ. ಅವರ ನಂತರ ಬಂದ ಮೌನೊ ಕೊಯಿವಿಸ್ತೊ ಆ ಹಿಡಿತವನ್ನು ತಾವಾಗಿಯೇ ಸಡಿಲಿಸಿದರು. 2000ದ ಸಂವಿಧಾನ ಇದನ್ನು ಕಾನೂನಾಗಿಸಿತು: ಪ್ರಧಾನಿಯನ್ನು ಸಂಸತ್ತಾದ ಎಡುಸ್ಕುಂತವೇ ಚುನಾಯಿಸುತ್ತದೆ, ಅಧ್ಯಕ್ಷರು ವಿದೇಶಾಂಗ ನೀತಿಯನ್ನು ಸರ್ಕಾರದ ಜೊತೆಗೂಡಿ ನಡೆಸುತ್ತಾರೆ, ಐರೋಪ್ಯ ಒಕ್ಕೂಟದ ವ್ಯವಹಾರ ಸರ್ಕಾರದ್ದು. ಆದರೂ ಒಕ್ಕೂಟದ ಶೃಂಗಸಭೆಯ ಊಟದ ಮೇಜಿನಲ್ಲಿ ಯಾರು ಕೂರಬೇಕೆಂದು ಅಧ್ಯಕ್ಷೆ ತಾರ್ಯಾ ಹಾಲೊನೆನ್ ಮತ್ತು ಪ್ರಧಾನಿ ಮತ್ತಿ ವನ್ಹಾನೆನ್ ನಡುವೆ ಎಳೆದಾಟವಾಯಿತು. ಫಿನ್ನರು ಅದನ್ನು 'ತಟ್ಟೆ ಜಗಳ' ಎಂದೇ ಕರೆದರು. ಕೇಳಲು ನಗು ಬರುತ್ತದೆ, ಆದರೆ 2012ರ ಸಂವಿಧಾನ ತಿದ್ದುಪಡಿಯೇ ಪ್ರಧಾನಿಯ ಪರವಾಗಿ ಅದನ್ನು ಇತ್ಯರ್ಥಪಡಿಸಬೇಕಾಯಿತು. ಹೀಗಾಗಿ ತೆರಿಗೆ, ಆಸ್ಪತ್ರೆ, ಕಾರ್ಮಿಕ ಕಾನೂನುಗಳ ಬಗ್ಗೆ ಅಧ್ಯಕ್ಷರ ಮಾತನ್ನು ನಿರ್ಧಾರವೆಂದು ಓದಬಾರದು.

ಹಳೆಯ ಲೇಖನ ಓದುವಾಗ ದಿನಾಂಕವನ್ನೂ ನೋಡಿಕೊಳ್ಳಬೇಕು. 2024ರಲ್ಲಿ ಅಧ್ಯಕ್ಷರಾದ ಸ್ಟುಬ್ 2014–15ರಲ್ಲಿ ಪ್ರಧಾನಿಯಾಗಿದ್ದರು. ಅವರಿಗೆ ಮೊದಲು 12 ವರ್ಷ ಅಧ್ಯಕ್ಷರಾಗಿದ್ದ ಸೌಲಿ ನೀನಿಸ್ತೊ ಒಂದು ಕಾಲದ ಹಣಕಾಸು ಸಚಿವರು.

ಎರಡನೆಯ ಪ್ರಶ್ನೆಗೆ ಕಾಗದ, ಪೆನ್ನು ಬೇಕು. ಎಡುಸ್ಕುಂತದಲ್ಲಿ 200 ಸ್ಥಾನಗಳು. 2019ರಲ್ಲಿ ಸೋಷಿಯಲ್ ಡೆಮಾಕ್ರಾಟರಿಗೆ 40, ವಲಸೆ ವಿರೋಧಿ ಫಿನ್ಸ್ ಪಕ್ಷಕ್ಕೆ 39, ಬಲಪಂಥೀಯ ಕೊಕೋಮುಸ್‌ಗೆ 38 ಬಂದವು. ಅಂದರೆ 'ಗೆದ್ದ' ಪಕ್ಷದ ಬಳಿ ಐದನೇ ಒಂದು ಭಾಗ ಮಾತ್ರ. ಅದಕ್ಕೆ ಸಿಕ್ಕಿದ್ದು ಆಳುವ ಹಕ್ಕಲ್ಲ, ಮಾತುಕತೆಯನ್ನು ಮೊದಲು ಆರಂಭಿಸುವ ಹಕ್ಕು. ಚುನಾವಣೆಯ ರಾತ್ರಿ ಎಂಟು ಗಂಟೆಗೆ ಹೊರಬರುವ ಮುಂಗಡ ಮತಗಳ ಲೆಕ್ಕವನ್ನು ನೋಡಿ ತೀರ್ಮಾನಕ್ಕೆ ಬರಬಾರದು. ಗ್ರಾಮೀಣ ನೆಲೆಯ ಕೇಂದ್ರ ಪಕ್ಷ ಆ ಹೊತ್ತಿನಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಿಜವಾದ ಆಟ ನಂತರದ ವಾರಗಳದ್ದು. 2023ರ ಏಪ್ರಿಲ್ 2ರಂದು ಮತದಾನ ಮುಗಿದರೂ ಪೆತ್ತೇರಿ ಒರ್ಪೊ ಅವರ ನಾಲ್ಕು ಪಕ್ಷಗಳ ಸರ್ಕಾರ ಅಧಿಕಾರ ವಹಿಸಿಕೊಂಡದ್ದು ಜೂನ್ 20ಕ್ಕೆ. ಅಷ್ಟು ದಿನ ಚೌಕಾಸಿ ಮಾಡಿ ಬರೆದ ಸರ್ಕಾರದ ಕಾರ್ಯಕ್ರಮ ಪತ್ರವಿದೆಯಲ್ಲ, ಓದಬೇಕಾದದ್ದು ಅದನ್ನು, ಪ್ರಚಾರ ಭಾಷಣಗಳನ್ನಲ್ಲ.

ಆ ಪತ್ರ ಪ್ರಧಾನಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದಕ್ಕೆ 2019ರ ಡಿಸೆಂಬರ್ ಸಾಕ್ಷಿ. ಅಂಚೆ ನೌಕರರ ವಿವಾದದಲ್ಲಿ ಮಿತ್ರಪಕ್ಷವಾದ ಕೇಂದ್ರ ಪಕ್ಷ ತಮ್ಮ ಮೇಲೆ ವಿಶ್ವಾಸ ಕಳೆದುಕೊಂಡಿತೆಂದು ಪ್ರಧಾನಿ ಆಂತಿ ರಿನ್ನೆ ರಾಜೀನಾಮೆ ಕೊಟ್ಟರು. ಅದೇ ಮೈತ್ರಿಯ ಐದು ಪಕ್ಷಗಳು ಮರೀನ್ ಅವರನ್ನು ಮುಂದಿಟ್ಟುಕೊಂಡು ನಡೆದವು. 2003ರಲ್ಲೂ ಇರಾಕ್ ಕುರಿತ ಗೋಪ್ಯ ದಾಖಲೆಗಳ ಸೋರಿಕೆಯ ವಿವಾದದಲ್ಲಿ ಪ್ರಧಾನಿ ಅನ್ನೆಲಿ ಯಾತ್ತೇನ್‌ಮಾಕಿ ಕೆಲವೇ ವಾರಗಳಲ್ಲಿ ಕೆಳಗಿಳಿದಾಗ, ಅವರದೇ ಪಕ್ಷದ ವನ್ಹಾನೆನ್ ಅದೇ ಮೈತ್ರಿಯನ್ನು ಮುಂದುವರಿಸಿದರು. 2017ರದ್ದು ಇನ್ನೂ ವಿಚಿತ್ರ: ಫಿನ್ಸ್ ಪಕ್ಷ ಯುಸ್ಸಿ ಹಲ್ಲಾ-ಅಹೊ ಅವರನ್ನು ನಾಯಕರನ್ನಾಗಿ ಆರಿಸಿದ ಕೂಡಲೇ ಪ್ರಧಾನಿ ಯುಹಾ ಸಿಪಿಲಾ ಮೈತ್ರಿ ಮುಗಿಯಿತೆಂದರು, ಆ ಪಕ್ಷವೇ ಒಡೆಯಿತು, ಒಡೆದು ಬಂದ ತುಂಡಿನೊಂದಿಗೆ ಸರ್ಕಾರ ಉಳಿಯಿತು.

ಹಿನ್ನೆಲೆಗೆ ಒಂದೇ ಅಧ್ಯಾಯ ಓದಲು ಸಮಯವಿದ್ದರೆ 1990ರ ದಶಕದ ಆರ್ಥಿಕ ಕುಸಿತವನ್ನು ಆರಿಸಿಕೊಳ್ಳಿ. ಸೋವಿಯತ್ ವ್ಯಾಪಾರ ನಿಂತಿತು, ಬ್ಯಾಂಕುಗಳು ಕುಸಿದವು, 1991ರ ನವೆಂಬರಿನಲ್ಲಿ ಆಗಿನ ನಾಣ್ಯವಾದ ಮಾರ್ಕ್ಕಾದ ಮೌಲ್ಯ ಇಳಿಸಲಾಯಿತು, ಮರುವರ್ಷ ಸೆಪ್ಟೆಂಬರಿನಲ್ಲಿ ಅದನ್ನು ಮಾರುಕಟ್ಟೆಗೇ ಬಿಡಲಾಯಿತು. ಶೇ 3ರ ಆಸುಪಾಸಿನಲ್ಲಿದ್ದ ನಿರುದ್ಯೋಗ ಶೇ 16ನ್ನು ದಾಟಿತು. ಎಡ ಒಕ್ಕೂಟ ಎಂಬ ಪಕ್ಷದಿಂದ ಹಿಡಿದು ಕೊಕೋಮುಸ್‌ವರೆಗೆ ಐದು ಪಕ್ಷಗಳನ್ನು ಸೇರಿಸಿಕೊಂಡ ಪಾವೊ ಲಿಪ್ಪೊನೆನ್ ಅವರ 1995ರ 'ಕಾಮನಬಿಲ್ಲು ಸರ್ಕಾರ' ಹುಟ್ಟಿದ್ದು ಈ ನೆಲದಲ್ಲಿ. ಸಾಲದ ಬಗ್ಗೆ ಅಲ್ಲಿನ ಚರ್ಚೆ ಇಂದಿಗೂ ಇಷ್ಟು ಕಟುವಾಗಿರುವುದಕ್ಕೆ ಆ ನೆನಪೂ ಒಂದು ಕಾರಣವೆಂದು ನನ್ನ ಎಣಿಕೆ. 1994ರ ಅಕ್ಟೋಬರಿನಲ್ಲಿ ಸುಮಾರು ಶೇ 57ರಷ್ಟು ಮತದಾರರು ಐರೋಪ್ಯ ಒಕ್ಕೂಟಕ್ಕೆ ಒಪ್ಪಿಗೆ ಕೊಟ್ಟದ್ದೂ ಅದೇ ಸಂಕಟದ ನಡುವೆ.

ನೇಟೋ ವಿಷಯದಲ್ಲಿ ಜನಮತ ಸಂಗ್ರಹವೇ ನಡೆಯಲಿಲ್ಲ. ರಷ್ಯಾದೊಂದಿಗೆ ಸುಮಾರು 1,340 ಕಿಲೋಮೀಟರ್ ಗಡಿಯಿರುವ ದೇಶ ದಶಕಗಳ ಕಾಲ ಹಿಂಜರಿದು, 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ನಡೆದ ಆಕ್ರಮಣದ ನಂತರ ಕೆಲವೇ ತಿಂಗಳಲ್ಲಿ ಮನಸ್ಸು ಬದಲಿಸಿತು. ಅದೇ ಮೇ 17ರಂದು ಎಡುಸ್ಕುಂತ 188–8 ಮತಗಳಿಂದ ಒಪ್ಪಿತು. ವಿರೋಧಿಸಿದವರಲ್ಲಿ ಹೆಚ್ಚಿನವರು ಎಡ ಒಕ್ಕೂಟದವರು, ಆ ಪಕ್ಷವೋ ಸರ್ಕಾರದೊಳಗೇ ಇತ್ತು; ಸರ್ಕಾರ ಬೀಳಲಿಲ್ಲ. ಸದಸ್ಯತ್ವ ಸಿಕ್ಕಿದ್ದು 2023ರ ಏಪ್ರಿಲ್ 4ರಂದು, ಮರೀನ್ ಚುನಾವಣೆ ಸೋತ ಎರಡೇ ದಿನಕ್ಕೆ.

ಕೊನೆಯದಾಗಿ, ಫಿನ್ನಿಷ್ ಪದವೊಂದನ್ನಾದರೂ ಕಲಿಯುವುದಿದ್ದರೆ ಪೆರುಸ್ತುಸ್‌ಲಕಿವಲಿಯೊಕುಂತ ಎಂಬ ಈ ಉದ್ದದ ಪದವನ್ನೇ ಕಲಿಯಿರಿ. ಸಂಸತ್ತಿನ ಸಾಂವಿಧಾನಿಕ ಕಾನೂನು ಸಮಿತಿಯ ಹೆಸರದು. ಅಲ್ಲಿ ಸಾಂವಿಧಾನಿಕ ನ್ಯಾಯಾಲಯವಿಲ್ಲ. ಮಸೂದೆ ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ಮುಂಚಿತವಾಗಿಯೇ ಪರಿಶೀಲಿಸುವುದು ಈ ಸಮಿತಿ. ಆರೋಗ್ಯ ಸೇವೆಯ ಮಹಾ ಸುಧಾರಣೆ ಇಲ್ಲಿ ಹಲವು ಬಾರಿ ಎಡವಿತು. ಅದು ಕೈಗೂಡದೆಂದು 2019ರ ಮಾರ್ಚಿನಲ್ಲಿ, ಚುನಾವಣೆಗೆ ವಾರಗಳಷ್ಟೇ ಬಾಕಿಯಿರುವಾಗ, ಸಿಪಿಲಾ ಸರ್ಕಾರ ರಾಜೀನಾಮೆ ಕೊಟ್ಟಿತು. ಮಸೂದೆಯೊಂದು ಸಮಿತಿಯ ಮುಂದಿದೆ ಎಂದು ಓದಿದರೆ, ಅದರ ಅಭಿಪ್ರಾಯ ಹೊರಬರುವವರೆಗೆ ಯಾವುದನ್ನೂ ಖಚಿತವೆಂದು ಎಣಿಸಬೇಡಿ. 2024ರ ಜುಲೈನಲ್ಲಿ ಪೂರ್ವ ಗಡಿಯಲ್ಲಿ ಆಶ್ರಯದ ಅರ್ಜಿಗಳನ್ನು ತಡೆಯುವ ಕಾನೂನಿಗೆ ಸಂವಿಧಾನದಿಂದ ವಿನಾಯಿತಿ ಬೇಕಿತ್ತು, ಅದಕ್ಕೆ ಚಲಾಯಿತ ಮತಗಳ ಆರನೇ ಐದು ಭಾಗ ಬೇಕಿತ್ತು. ವಿರೋಧ ಪಕ್ಷದ ಸೋಷಿಯಲ್ ಡೆಮಾಕ್ರಾಟರ ಬಹುಪಾಲು ಬೆಂಬಲ ಸೇರಿಯೂ ಅದು 167–31ರಿಂದ, ಎರಡೇ ಮತಗಳ ಅಂತರದಲ್ಲಿ ಪಾರಾಯಿತು.