ಪ್ಲೇಬುಕ್ ಬದಿಗಿಟ್ಟು ಲೆಕ್ಕದ ಹಾಳೆ ಹಿಡಿದೆ: ಮುಖ್ಯ ಕೋಚ್ ಹುದ್ದೆಯವರೆಗಿನ ನನ್ನ ಅನುಭವ

ಅಮೆರಿಕದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಹಾಯಕ ಕೋಚ್ ಆಗಿರುವವರಿಗೆ ಹಿರಿಯರು ಕೊಡುವ ಸಲಹೆ ಹೆಚ್ಚುಕಡಿಮೆ ಒಂದೇ: ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತವಾದ ಡಿವಿಷನ್ 1ರ ಬೆಂಚು ಬಿಡಬೇಡ, ಒಳ್ಳೆಯ ಆಟಗಾರ್ತಿಯರನ್ನು ಕರೆತರುವವಳೆಂಬ ಹೆಸರು ಗಳಿಸು, ಕಾಯಿ. ನಾನು ಕಾಯಲಿಲ್ಲ. ಡಿವಿಷನ್ 1ರಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್ (ಸ್ನಾತಕೋತ್ತರ ಓದಿನ ಜೊತೆಗೆ ಕೋಚ್‌ಗಳಿಗೆ ನೆರವಾಗುವವಳು) ಆಗಿದ್ದವಳು ಕೆಳಗಿನ ಹಂತವಾದ ಡಿವಿಷನ್ 3ಕ್ಕೆ ಇಳಿದೆ, ಅಲ್ಲಿಂದಲೇ ಒಂದು ಸಣ್ಣ ಖಾಸಗಿ ಕಾಲೇಜಿನ ಮುಖ್ಯ ಕೋಚ್ ಆದೆ. ಈಗ ಎರಡನೆಯ ಸೀಸನ್ ಮುಗಿದಿದೆ. ಇಳಿದವರು ಮತ್ತೆ ಮೇಲೇಳುವುದಿಲ್ಲ ಎಂದು ನನಗೆ ಹೇಳಿದವರಲ್ಲಿ ಕೆಲವರು ಈಚೆಗೆ ಫೋನ್ ಮಾಡಿ ನೀನು ಹೇಗೆ ಮಾಡಿದೆ ಎಂದು ವಿಚಾರಿಸುತ್ತಿರುವುದರಿಂದ, ಎಲ್ಲರಿಗೂ ಒಟ್ಟಿಗೆ ಉತ್ತರಿಸುವುದು ಲೇಸೆಂದು ಇದನ್ನು ಬರೆಯುತ್ತಿದ್ದೇನೆ.

ಪ್ಯಾಟ್ ಸಮಿಟ್ 1974ರಲ್ಲಿ 22ನೆಯ ವಯಸ್ಸಿಗೆ ಟೆನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ತಂಡದ ಮುಖ್ಯ ಕೋಚ್ ಹೊಣೆ ಹೊತ್ತರು. ಡಾನ್ ಸ್ಟೇಲಿ 2000ರಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಆದ ಡಬ್ಲ್ಯುಎನ್‌ಬಿಎಯಲ್ಲಿ ಆಡುತ್ತಿರುವಾಗಲೇ ಟೆಂಪಲ್ ವಿಶ್ವವಿದ್ಯಾಲಯ ತಂಡದ ಮುಖ್ಯ ಕೋಚ್ ಆದರು. ಅಂಥ ಬಾಗಿಲುಗಳು ಈಗ ನಮ್ಮಂಥವರಿಗೆ ತೆರೆಯುವುದಿಲ್ಲ. 2023ರಿಂದ ಡಿವಿಷನ್ 1 ತಂಡಗಳು ಇನ್ನೂ ಇಬ್ಬರು ಕೋಚ್‌ಗಳನ್ನು ಇಟ್ಟುಕೊಳ್ಳಬಹುದಾಗಿದೆ. ಆದರೆ ಆ ನಿಯಮ ಬಂದಾಗ ಅವರು ಕ್ಯಾಂಪಸ್ಸಿನ ಹೊರಗೆ ಹೋಗಿ ಆಟಗಾರ್ತಿಯರನ್ನು ನೋಡುವಂತಿರಲಿಲ್ಲ. ಬೆಂಚು ಉದ್ದವಾಯಿತು, ಕಾಯುವವರ ಸಾಲೂ ಉದ್ದವಾಯಿತು. ಆ ಸಾಲಿನ ಕೊನೆಯಲ್ಲಿ ನಿಂತು ಇನ್ನೊಬ್ಬರ ವಿಡಿಯೊ ಕತ್ತರಿಸುವುದಕ್ಕಿಂತ, ಸಣ್ಣ ಕಾಲೇಜಿನಲ್ಲಿ ಡಿಫೆನ್ಸ್, ಸ್ಕೌಟಿಂಗ್, ಬಸ್ ಬಾಡಿಗೆ, ಸಮವಸ್ತ್ರದ ಆರ್ಡರ್ ಎಲ್ಲವೂ ನನ್ನ ಕೈಯಲ್ಲಿರುವುದು ಮೇಲೆಂದು ನಾನು ತೀರ್ಮಾನಿಸಿದೆ.

ಹಣದ ಮಾತನ್ನು ಮುಚ್ಚಿಡುವುದಿಲ್ಲ. ಗ್ರಾಜುಯೇಟ್ ಅಸಿಸ್ಟೆಂಟ್ ಆಗಿದ್ದಾಗ ಶುಲ್ಕ ಮಾಫಿಯಾಗಿ ವರ್ಷಕ್ಕೆ ಒಂಬತ್ತು ಹತ್ತು ಸಾವಿರ ಡಾಲರ್ ಕೈಗೆ ಬರುತ್ತಿತ್ತು. ಡಿವಿಷನ್ 3ರ ಮೊದಲ ಕೆಲಸದಲ್ಲಿ ಸಿಕ್ಕಿದ್ದು ಸುಮಾರು 18 ಸಾವಿರ. ಅದಕ್ಕೆ ಬೆಳಗಿನ ಜಿಮ್ ಮೇಲ್ವಿಚಾರಣೆಯೂ, ಬೇರೆ ಆಟಗಳ ಪಂದ್ಯದ ದಿನದ ಟೇಬಲ್ ಕೆಲಸವೂ ಸೇರಿದ್ದವು. ಬೇಸಿಗೆಯ ಕ್ಯಾಂಪುಗಳಿಂದ ವಾರಕ್ಕೆ ಮುನ್ನೂರು ನಾನೂರು, ಹೈಸ್ಕೂಲು ತಂಡಗಳಿಗೆ ವಿಡಿಯೊ ವಿಶ್ಲೇಷಿಸಿ ಕೊಟ್ಟರೆ ಪಂದ್ಯಕ್ಕೆ ನಲವತ್ತರ ಆಸುಪಾಸು. ಮಹಿಳಾ ಬ್ಯಾಸ್ಕೆಟ್‌ಬಾಲ್ ಕೋಚ್‌ಗಳ ಸಂಘದ ವಾರ್ಷಿಕ ಸಮಾವೇಶ ಫೈನಲ್ ಫೋರ್ (ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಪಂದ್ಯಗಳು) ನಡೆಯುವ ಊರಿನಲ್ಲೇ ಆಗುವುದರಿಂದ ಹೋಟೆಲ್ ದರ ಮುಗಿಲು ಮುಟ್ಟಿರುತ್ತದೆ. ನಾಲ್ವರು ಸೇರಿ ಒಂದೇ ಕೋಣೆ ಹಿಡಿದರೂ ಒಂದು ತಿಂಗಳ ಸಂಬಳದ ದೊಡ್ಡ ಪಾಲು ಅಲ್ಲಿಗೇ ಹೋಗುತ್ತಿತ್ತು. ಸಮಾವೇಶದಿಂದ ಕೆಲಸ ಸಿಗುತ್ತದೆ ಎಂಬ ಮಾತನ್ನು ನಾನು ಈಗ ಒಪ್ಪುವುದಿಲ್ಲ. ನನಗೆ ಅಲ್ಲಿಂದ ಒಂದು ಸಂದರ್ಶನವೂ ಬರಲಿಲ್ಲ.

ಮುಖ್ಯ ಕೋಚ್ ಹುದ್ದೆಗಳಿಗೆ ಕಳುಹಿಸಿದ ಅರ್ಜಿಗಳಲ್ಲಿ ಬಹುಪಾಲಿಗೆ ಉತ್ತರವೇ ಬರಲಿಲ್ಲ. ಕೆಲವೆಡೆ ಅರ್ಧ ಗಂಟೆಯ ವಿಡಿಯೊ ಸಂದರ್ಶನದವರೆಗೆ ಹೋದೆ, ಎರಡು ಮೂರು ಕಡೆ ಕ್ಯಾಂಪಸ್ಸಿಗೇ ಕರೆದರು. ಒಂದು ಕಾಲೇಜಿನಲ್ಲಿ ಒಳಗಿನ ಅಭ್ಯರ್ಥಿಯೇ ನಿಶ್ಚಯವಾಗಿದ್ದರೆಂದು ಆಮೇಲೆ ತಿಳಿಯಿತು. ಪ್ರಯಾಣದ ಖರ್ಚು ಹಿಂದಿರುಗಲು ಅಲ್ಲಿ ನಾಲ್ಕು ತಿಂಗಳೇ ಹಿಡಿಯಿತು, ಕ್ರೆಡಿಟ್ ಕಾರ್ಡಿನ ಬಡ್ಡಿಯನ್ನು ನಾನೇ ಕಟ್ಟಿದೆ. ಇನ್ನೊಂದು ಕಡೆ, ಎಲ್ಲರೂ ಮಾಡುವ ಹಾಗೆ, ಮೋಷನ್ ಆಫೆನ್ಸ್, ಪ್ಯಾಕ್‌ಲೈನ್ ಡಿಫೆನ್ಸ್, ಬೇಸ್‌ಲೈನ್ ಇನ್‌ಬೌಂಡ್ಸ್ ಸೆಟ್‌ಗಳಂಥ ಆಟದ ತಂತ್ರಗಳೆಲ್ಲ ತುಂಬಿದ ದಪ್ಪ ಪ್ಲೇಬುಕ್ ಒಯ್ದಿದ್ದೆ. ಆಯ್ಕೆ ಸಮಿತಿಯಲ್ಲಿ ಪ್ರವೇಶಾತಿ ವಿಭಾಗದವರು, ಒಬ್ಬ ಪ್ರಾಧ್ಯಾಪಕರು, ಹಣಕಾಸು ವಿಭಾಗದವರೊಬ್ಬರು ಇದ್ದರು. ಒಬ್ಬರೂ ಅದರ ಪುಟ ತಿರುವಲಿಲ್ಲ. ಹಣಕಾಸಿನವರು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ತಂಡದಲ್ಲಿ ಎಷ್ಟು ವಿದ್ಯಾರ್ಥಿನಿಯರಿರುತ್ತಾರೆ?

ಆ ಪ್ರಶ್ನೆಯನ್ನು ಹಿಡಿದುಕೊಂಡೇ ನಾನು ಮುಂದಿನ ಎರಡು ವರ್ಷ ಸಹಾಯಕ ಕೋಚ್ ಆಗಿ ಕೆಲಸ ಮಾಡಿದೆ. ಡಿವಿಷನ್ 3ರಲ್ಲಿ ಕ್ರೀಡಾ ವಿದ್ಯಾರ್ಥಿವೇತನವಿಲ್ಲ, ನೆರವಿನ ಮೊತ್ತ ನಿರ್ಧರಿಸುವುದರಲ್ಲಿ ಕೋಚ್‌ಗೆ ಪಾತ್ರವೂ ಇಲ್ಲ. ಹೀಗಾಗಿ ಆಟಗಾರ್ತಿ ನಮ್ಮಲ್ಲಿಗೆ ಬರುವುದೂ ಬಿಡುವುದೂ ಕೊನೆಗೆ ಮನೆಯವರು ಕೈಯಿಂದ ಕಟ್ಟಬೇಕಾದ ಮೊತ್ತದ ಮೇಲೆಯೇ ನಿಲ್ಲುತ್ತದೆ. ಪ್ರತಿ ಕಾಲೇಜೂ ತನ್ನ ಜಾಲತಾಣದಲ್ಲಿ ನಿವ್ವಳ ವೆಚ್ಚದ ಕ್ಯಾಲ್ಕುಲೇಟರ್ ಇಟ್ಟಿರಬೇಕೆಂಬ ನಿಯಮ 2011ರಿಂದ ಇದೆ. ಬಹಳಷ್ಟು ಕೋಚ್‌ಗಳು ಅದನ್ನು ಪ್ರವೇಶಾತಿ ವಿಭಾಗದ ಪಾಲಿಗೆ ಬಿಟ್ಟುಬಿಡುತ್ತಾರೆ. ನಾನು ಮೊದಲ ಫೋನ್ ಕರೆಯ ವಾರದಲ್ಲೇ ಪೋಷಕರಿಂದ ಅದನ್ನು ತುಂಬಿಸುತ್ತಿದ್ದೆ. ಮೊತ್ತ ಅವರ ಕೈಗೆ ಮೀರಿದ್ದರೆ ಅಂದೇ ಹೇಳಿ ಬೀಳ್ಕೊಡುತ್ತಿದ್ದೆ. ಕೈಗೆಟುಕುವಂತಿದ್ದರೆ ಮಾತ್ರ ಆ ಹುಡುಗಿಯ ಪಂದ್ಯ ನೋಡಲು ಪೆಟ್ರೋಲ್ ಸುಡುತ್ತಿದ್ದೆ. ಪ್ರಯಾಣದ ಖರ್ಚು ಅರ್ಧಕ್ಕೆ ಇಳಿಯಿತು, ಬಂದು ಸೇರಿದವರ ಸಂಖ್ಯೆ ಏರಿತು. ಹೈಸ್ಕೂಲು ಕೋಚ್‌ಗೆ ಫೋನಿನಲ್ಲಿ ನಾನು ಮೊದಲು ಕೇಳುವ ಪ್ರಶ್ನೆಯೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಕಾನ್ಫರೆನ್ಸಿನ (ಪರಸ್ಪರ ಆಡುವ ಕಾಲೇಜುಗಳ ಗುಂಪು) ಎದುರಾಳಿಗಳಿಗೆ ಅದು ಗೊತ್ತಾಗುವುದು ನನಗೆ ಬೇಡ.

ಇದರ ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಅಯೋವಾದ ಗ್ರಿನೆಲ್ ಕಾಲೇಜಿನ ಪುರುಷರ ತಂಡ ಆಡಿ ಹೆಸರಾದ ಪದ್ಧತಿಯಲ್ಲಿ ಐದೈದು ಜನರನ್ನು ಒಟ್ಟಿಗೆ ಇಳಿಸಿ, ನಿಮಿಷದೊಳಗೆ ಎಲ್ಲರನ್ನೂ ಬದಲಿಸಿ, ಇಡೀ ಕೋರ್ಟಿನಲ್ಲಿ ಪ್ರೆಸ್ ಮಾಡಿ (ಎದುರಾಳಿಗಳ ಮೇಲೆ ಒತ್ತಡ ಹೇರಿ), ಚೆಂಡು ಸಿಕ್ಕಿದ ಕೂಡಲೇ ಮೂರು ಅಂಕದ ಎಸೆತ ಹಾಕುತ್ತಾರೆ. ನಮ್ಮ ಜೂನಿಯರ್ ವಾರ್ಸಿಟಿ ತಂಡ (ಮುಖ್ಯ ತಂಡವಾದ ವಾರ್ಸಿಟಿಯ ಕೆಳಗಿನ ಎರಡನೆಯ ತಂಡ) ನನ್ನ ವಶದಲ್ಲಿತ್ತು, ಅದರ ಮೇಲೆ ಒಂದು ಸೀಸನ್ ಪೂರ್ತಿ ಇದನ್ನು ಹಾಕಿದೆ. ಎದುರಾಳಿಗಳ ಟರ್ನೋವರ್ (ಎಸೆಯುವ ಮೊದಲೇ ಚೆಂಡು ಕಳೆದುಕೊಳ್ಳುವುದು) ಮೂವತ್ತರ ಹತ್ತಿರ ಹೋಗುತ್ತಿತ್ತು. ನಮ್ಮ ಮೂರು ಅಂಕದ ಎಸೆತಗಳು ಮಾತ್ರ ನೂರಕ್ಕೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಬೀಳುತ್ತಿದ್ದವು. ಗೆದ್ದಿದ್ದಕ್ಕಿಂತ ಸೋತಿದ್ದೇ ಹೆಚ್ಚು. ಆದರೆ ಮೊದಲ ವರ್ಷದ ಹುಡುಗಿಯರಲ್ಲಿ ಪ್ರತಿವರ್ಷ ಮೂರು ನಾಲ್ಕು ಜನ ಬಿಟ್ಟು ಹೋಗುತ್ತಿದ್ದ ಜಾಗದಲ್ಲಿ ಆ ವರ್ಷ ಒಬ್ಬಳೇ ಬಿಟ್ಟಳು. ಎಲ್ಲರಿಗೂ ಅಂಗಳದಲ್ಲಿ ಸಮಯ ಸಿಕ್ಕಿತ್ತು, ಕಾರಣ ಅದೇ ಎಂದು ನನ್ನ ನಂಬಿಕೆ. ವಾರ್ಸಿಟಿ ತಂಡಕ್ಕೆ ಆ ಪದ್ಧತಿಯನ್ನು ನಾನು ಇಂದಿಗೂ ತಂದಿಲ್ಲ. ಆದರೆ ಬಿಟ್ಟು ಹೋಗುವವರ ಆ ಲೆಕ್ಕ ನನ್ನ ಹಾಳೆಯ ಮುಖ್ಯ ಸಾಲಾಯಿತು.

ಈಗಿನ ಕಾಲೇಜಿನ ಸಂದರ್ಶನಕ್ಕೆ ನಾನು ಒಯ್ದಿದ್ದು ಒಂದೇ ಹಾಳೆ. ಹಿಂದಿನ ಸೀಸನ್ ಮುಗಿದಾಗ ಅಲ್ಲಿ ಉಳಿದಿದ್ದವರು ಹತ್ತೇ ಆಟಗಾರ್ತಿಯರು. ಮೂರು ವರ್ಷದಲ್ಲಿ ಇಪ್ಪತ್ತು ಮಾಡುತ್ತೇನೆ, ನೆರವು ಕಳೆದು ತಲೆಗೆ ಸುಮಾರು 20 ಸಾವಿರ ಡಾಲರ್ ನಿವ್ವಳ ಶುಲ್ಕವೆಂದರೆ ವರ್ಷಕ್ಕೆ 2 ಲಕ್ಷ ಹೆಚ್ಚುತ್ತದೆ ಎಂದು ಮೊದಲು ಬರೆದೆ. ಹಣಕಾಸಿನವರು ಆಕ್ಷೇಪಿಸುವ ಮೊದಲೇ ಅದರಿಂದ ಕಡಿತವನ್ನೂ ತೋರಿಸಿದೆ: ಬ್ಯಾಸ್ಕೆಟ್‌ಬಾಲ್ ಇಲ್ಲದಿದ್ದರೂ ಆ ಕಾಲೇಜಿಗೆ ಬರಬಹುದಾಗಿದ್ದ ಹತ್ತಿರದ ಊರುಗಳ ಹುಡುಗಿಯರನ್ನು ತೆಗೆದುಹಾಕಿದೆ, ಎರಡನೆಯ ವರ್ಷಕ್ಕೆ ಉಳಿಯದವರನ್ನೂ ತೆಗೆದೆ. ಉಳಿದದ್ದು ಒಂದು ಲಕ್ಷದ ಚಿಲ್ಲರೆ. ತಂಡದ ನಲವತ್ತು ಸಾವಿರ ಚಿಲ್ಲರೆಯ ಖರ್ಚು, ನನ್ನ ಸಂಬಳ ಎರಡನ್ನೂ ಅದು ಹೊರುತ್ತಿತ್ತು. ಮಹಿಳಾ ತಂಡ ದೊಡ್ಡದಾದರೆ ಶಿಕ್ಷಣದಲ್ಲಿ ಲಿಂಗತಾರತಮ್ಯ ನಿಷೇಧಿಸುವ 1972ರ ಟೈಟಲ್ ನೈನ್ ಕಾಯ್ದೆಯ ಮಹಿಳಾ-ಪುರುಷ ಅನುಪಾತದ ಲೆಕ್ಕಕ್ಕೂ ಕಾಲೇಜಿಗೆ ಅನುಕೂಲವೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದೆ. ಹಾಳೆಯಲ್ಲಿ ಇನ್ನೊಂದು ಅಂಕಣವಿತ್ತು. ಕಾಲೇಜಿನ ಅಧ್ಯಕ್ಷರು ಹೆಚ್ಚು ಹೊತ್ತು ನೋಡಿದ್ದು ಅದನ್ನೇ, ಅದು ನನ್ನ ಬಳಿಯೇ ಇರಲಿ.

ಇಷ್ಟು ವ್ಯಾಪಾರದ ಮಾತಾಡಿದರೆ ಆಟಗಾರ್ತಿಯರಿಗೆ ಹಿಡಿಸುವುದಿಲ್ಲ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಎಚ್ಚರಿಸಿದ್ದರು. ಸಂದರ್ಶನದ ದಿನವೇ ಅಲ್ಲಿನ ಆಟಗಾರ್ತಿಯರೊಂದಿಗಿನ ಭೇಟಿಯಲ್ಲಿ ಕೊನೆಯ ವರ್ಷದ ಹುಡುಗಿಯೊಬ್ಬಳು, ಅಭ್ಯಾಸದಲ್ಲಿ ಐದು ಐದರ ಆಟವಾಡಲು ನಮ್ಮಲ್ಲಿ ಜನವೇ ಇಲ್ಲ, ಏನು ಮಾಡುತ್ತೀರಿ ಎಂದು ಕೇಳಿದಳು. ಗಾಯಾಳುಗಳು ಪಕ್ಕದಲ್ಲಿ ಕುಳಿತರೆ ಅವರ ತಂಡ ಎಂಟಕ್ಕೆ ಇಳಿಯುತ್ತಿತ್ತು. ಅದೇ ಹಾಳೆಯನ್ನು ಅವಳಿಗೂ ತೋರಿಸಿದೆ. ಮರುವಾರವೇ ಕ್ರೀಡಾ ನಿರ್ದೇಶಕರ ಕರೆ ಬಂತು. 49 ಸಾವಿರ ಎಂದರು, 52ಕ್ಕೆ ಒಪ್ಪಿಸಿದೆ.

ಮೊದಲ ಸೀಸನ್ ಗೆಲುವು ಏಳೋ ಎಂಟೋ, ಎರಡನೆಯದರಲ್ಲಿ ಹದಿಮೂರು. ಈಗ ತಂಡದಲ್ಲಿ ಹದಿನೆಂಟು ಜನರಿದ್ದಾರೆ, ಜೂನಿಯರ್ ವಾರ್ಸಿಟಿ ಪಂದ್ಯಗಳು ಮತ್ತೆ ಆರಂಭವಾಗಿವೆ. ಪೂರ್ಣಾವಧಿ ಸಹಾಯಕ ಕೋಚ್ ಹುದ್ದೆ ಬೇಕೆಂದು ಇದೇ ಬಗೆಯ ಹಾಳೆಯೊಂದನ್ನು ಈ ವಸಂತದಲ್ಲಿ ಸಲ್ಲಿಸಿದೆ. 34 ಸಾವಿರದ ಹುದ್ದೆ ಮಂಜೂರಾಗಿದೆ. ಜಿಮ್ ಮೇಲ್ವಿಚಾರಣೆಯ ಕೆಲಸವನ್ನು ಅದಕ್ಕೆ ಸೇರಿಸಬಾರದೆಂದು ನಾನು ಹಾಕಿದ ಷರತ್ತನ್ನೂ ಒಪ್ಪಿದ್ದಾರೆ.