ಭರತಿ ಏರುವ ಮೊದಲು ಪಂಚನಾಮೆ: ಪೊಲೀಸ್ ಸಿಬ್ಬಂದಿಗೆ ಸ್ಥಳದಲ್ಲೇ ತರಬೇತಿ ಕೊಟ್ಟ ನನ್ನ ಅನುಭವ

ಪಂಚನಾಮೆ ಎಂದರೆ ಸ್ಥಳದಲ್ಲಿ ಕಂಡದ್ದನ್ನು ಇಬ್ಬರು ಸಾಕ್ಷಿಗಳ, ಅಂದರೆ ಪಂಚರ, ಎದುರು ಬರೆದಿಡುವ ಕಾಗದ. ಅದರ ತರಬೇತಿಯ ದಿನ ಗೊತ್ತು ಮಾಡುವ ಮೊದಲು ನಾವು ಉಬ್ಬರ-ಇಳಿತದ ಪಟ್ಟಿ ತೆಗೆದು ನೋಡುತ್ತೇವೆ. ಭರತಿ ಬೆಳಗ್ಗೆ ಒಂಬತ್ತೂವರೆ ಸುಮಾರಿಗೆ ತುಂಬುವ ದಿನ ಬೇಕು. ಹಾಗಾದರೆ ಆರೂವರೆಗೆ ಸಿಬ್ಬಂದಿ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಬಂದು ನಿಲ್ಲುವಾಗ ನೀರು ಅರ್ಧ ಏರಿರುತ್ತದೆ. ಆರು ತಾಸಿನ ಉಬ್ಬರದಲ್ಲಿ ನಡುವಿನ ಎರಡು ತಾಸಿನಲ್ಲೇ ಅರ್ಧದಷ್ಟು ನೀರು ಏರುವುದು. ನಮಗೆ ಬೇಕಾದದ್ದು ಆ ಅವಸರವೇ. ಭರತಿಯ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಈ ವಾರದ ದಿನ ತಪ್ಪಿದರೆ ಮತ್ತೆ ಎರಡು ವಾರ ಕಾಯಬೇಕು.

ಒಂದು ಬ್ಯಾಚಿಗೆ 24 ಜನ, ನಾಲ್ಕು ನಾಲ್ಕು ಜನರ ಆರು ತಂಡ. ಒಬ್ಬ ಬರೆಯುವವ, ಒಬ್ಬ ಟೇಪು ಹಿಡಿಯುವವ, ಒಬ್ಬ ಮೊಬೈಲ್ ಹಿಡಿಯುವವ, ಇನ್ನೊಬ್ಬ ಜನರನ್ನು ಆಚೆ ನಿಲ್ಲಿಸುವವ. ಪಂಚರಾಗಿ ಪಕ್ಕದ ತಂಡದಿಂದ ಇಬ್ಬರು ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಕಾನ್‌ಸ್ಟೇಬಲ್‌ಗಳು. ಪಂಚನಾಮೆ ನಡೆಸುವುದು ತನಿಖಾಧಿಕಾರಿಯ ಕೆಲಸ, ನಮಗ್ಯಾಕೆ ಎಂದು ಅವರಲ್ಲಿ ಒಬ್ಬನಾದರೂ ಕೇಳಿಯೇ ಕೇಳುತ್ತಾನೆ. ಆದರೆ ಸ್ಥಳಕ್ಕೆ ಮೊದಲು ಮುಟ್ಟುವವನು ಬೀಟ್ ಕಾನ್‌ಸ್ಟೇಬಲ್. ಪಿಎಸ್‌ಐ ಹೇಳಿದ್ದನ್ನು ಬರೆದುಕೊಳ್ಳುವ ರೈಟರ್ ಕೂಡ ಕಾನ್‌ಸ್ಟೇಬಲ್. ಮುದ್ದೆಮಾಲು, ಅಂದರೆ ಜಪ್ತಿಯಾದ ವಸ್ತು, ಹೊತ್ತುಕೊಂಡು ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಬಸ್ ಹತ್ತುವವನೂ ಅವನೇ. ಕೇಸು ಕೆಡುವುದಿದ್ದರೆ ಈ ಮೂರು ಕೈಗಳಲ್ಲೇ ಕೆಡುತ್ತದೆ.

ಇಂಥ ಪಾಠಕ್ಕೆ ನಮ್ಮ ಕೈಗೆ ಸಿಗುವ ಮಾದರಿಗಳು ಹೆಚ್ಚಾಗಿ ದೊಡ್ಡ ಊರಿನವು. ನಾಲ್ಕು ಗೋಡೆಯ ಕೋಣೆ, ಬಾಗಿಲಿಗೆ ಟೇಪು ಕಟ್ಟಿದರೆ ಸ್ಥಳ ಭದ್ರ, ಮೇಲೆ ಬೀದಿದೀಪ, ಕರೆದ ಸ್ವಲ್ಪ ಹೊತ್ತಿಗೆ ಬೆರಳಚ್ಚಿನವರ ಗಾಡಿ. ಬೆಂಗಳೂರಿನಲ್ಲಿ 112ಕ್ಕೆ ಕರೆ ಹೋದರೆ ಹೊಯ್ಸಳ ವಾಹನ ಬರುತ್ತದೆ. ಅಲ್ಲಿನ ಸಿಬ್ಬಂದಿಗೆ ದೊಡ್ಡ ತಲೆನೋವು ಜನಜಂಗುಳಿ, ಹಾಗಾಗಿ ಅಲ್ಲಿನ ತರಬೇತಿ ಜನರನ್ನು ಹೇಗೆ ಹಿಂದಿಡುವುದು ಎಂಬುದಕ್ಕೇ ಹೆಚ್ಚು ಹೊತ್ತು ಕೊಡುವುದು ಸರಿಯೇ. ಇಲ್ಲಿ ಸ್ಥಳವನ್ನು ಕೆಡಿಸುವುದು ನೀರು, ಗಾಳಿ ಮತ್ತು ದಾರಿಯ ದೂರ. ಶಿರಸಿಯಿಂದ ಕಾರವಾರಕ್ಕೇ ನೂರು ಕಿಲೋಮೀಟರಿಗಿಂತ ಮೇಲೆ, ನಡುವೆ ಘಟ್ಟ.

ಸಾಮಾನಿನ ಪಟ್ಟಿ ದೊಡ್ಡದೇನಲ್ಲ. 30 ಮೀಟರಿನ ಬಟ್ಟೆ ಟೇಪು ಒಂದು, 5 ಮೀಟರಿನ ಉಕ್ಕಿನ ಟೇಪು ಒಂದು, ಮೂರು ಅಡಿಯ ಬಿದಿರು ಗೂಟ ಹತ್ತು, 1ರಿಂದ 10ರವರೆಗೆ ಅಂಕಿ ಬರೆದ ಕಾರ್ಡು, ಖಾಕಿ ಕಾಗದದ ಲಕೋಟೆ, ಬಿಳಿ ಬಟ್ಟೆ, ಟ್ವೈನ್ ದಾರ, ಅರಗು, ಹಿತ್ತಾಳೆ ಮೊಹರು, ಮೇಣದಬತ್ತಿ, ಕೈಗವಸು, ಕ್ಲಿಪ್ ಇರುವ ಹಲಗೆ, ಕಪ್ಪು ಬಾಲ್‌ಪೆನ್. ಜೆಲ್ ಪೆನ್ ತಂದವನ ಕೈಯಿಂದ ಅಲ್ಲೇ ಇಸಿದುಕೊಳ್ಳುತ್ತೇವೆ, ಒಂದು ಹನಿ ಉಪ್ಪುನೀರು ಬಿದ್ದರೆ ಅರ್ಧ ಸಾಲು ಹರಡಿ ಹೋಗುತ್ತದೆ.

ಶವದ ಬದಲು ಗೊಂಬೆ. ಎರಡು ಸಿಮೆಂಟ್ ಚೀಲಕ್ಕೆ ಒಟ್ಟು 40 ಕಿಲೋ ಮರಳು ತುಂಬಿ ಹೊಲಿದು, ಮೇಲೆ ಹಳೆ ಪ್ಯಾಂಟು-ಶರ್ಟು ತೊಡಿಸುವುದು. ಸುತ್ತ ಒಂದೇ ಕಾಲಿನ ಚಪ್ಪಲಿ, ಗಾಜು ಒಡೆದ ಮೊಬೈಲ್, 310 ರೂಪಾಯಿ ಇರುವ ಪರ್ಸು, ಒಂದು ಬಾಟಲಿ. ಜೊತೆಗೆ ಸಂಬಂಧವೇ ಇಲ್ಲದ ಎರಡು ವಸ್ತು, ಹರಿದ ಬಲೆಯ ತುಂಡು ಮತ್ತು ತೆಂಗಿನ ಚಿಪ್ಪು. ಇವೆರಡನ್ನು ಬರೆಯದೆ ಬಿಟ್ಟವರಿಗೂ ಅಂಕ ಇಲ್ಲ, ಜಪ್ತಿ ಮಾಡಿದವರಿಗೂ ಇಲ್ಲ. ಅವು ಅಲ್ಲಿದ್ದವು ಎಂದು ದಾಖಲಾಗಬೇಕು, ಅಷ್ಟೇ.

ನೀರಿನ ಅಂಚಿನಿಂದ ಎಂಟು ಹತ್ತು ಮಾರು ಮೇಲೆ ಗೊಂಬೆ ಇಟ್ಟು ತಂಡವನ್ನು ಕರೆಯುತ್ತೇವೆ. ಮೊದಲ ಸಲ ಬಂದವರು ಮಾಡುವುದು ಎರಡರಲ್ಲಿ ಒಂದು: ಓಡಿಹೋಗಿ ಗೊಂಬೆಯನ್ನು ಮೇಲಕ್ಕೆಳೆಯುತ್ತಾರೆ, ಇಲ್ಲವೆ ಸಾಹೇಬರು ಬರಲಿ ಎಂದು ಸುತ್ತ ಟೇಪು ಕಟ್ಟಿ ನಿಲ್ಲುತ್ತಾರೆ. ಎರಡನೆಯದರಲ್ಲಿ ಮುಕ್ಕಾಲು ತಾಸಿನೊಳಗೆ ಟೇಪಿನ ಸಮೇತ ಎಲ್ಲವೂ ನೀರೊಳಗೆ. ನಾವು ಕಲಿಸುವುದು ಎಂಟು ನಿಮಿಷದ ಕೆಲಸ. ಬದುಕಿದ ಲಕ್ಷಣ ಇದೆಯೇ ಎಂದು ನೋಡುವುದು ಎಲ್ಲಕ್ಕಿಂತ ಮೊದಲು. ಸ್ವಲ್ಪ ಅನುಮಾನ ಇದ್ದರೂ ಸ್ಥಳದ ಚಿಂತೆ ಬಿಟ್ಟು ಆಸ್ಪತ್ರೆಗೆ. ಇಲ್ಲವೆಂದಾದರೆ ದೂರದಿಂದ ಒಂದು ಫೋಟೊ, ಹಿನ್ನೆಲೆಯಲ್ಲಿ ಗುರುತು ಸಿಗುವ ಕಟ್ಟಡ ಬರಬೇಕು. ನಡುದೂರದಿಂದ ನಾಲ್ಕು ಬದಿಗೂ ಒಂದೊಂದು. ಹತ್ತಿರದಿಂದ ಸ್ಕೇಲ್ ಇಡದೆ ಒಮ್ಮೆ, ಇಟ್ಟು ಒಮ್ಮೆ. ಎರಡು ಅಳತೆ. ತಲೆ ಯಾವ ದಿಕ್ಕಿಗೆ, ಅಂಗಾತವೋ ಬೋರಲೋ. ಆಮೇಲೆ ಕೈಗವಸು ಹಾಕಿ ನಾಲ್ವರು ಎತ್ತಿ ಒಣಮರಳಿಗೆ. ಎತ್ತಿದ ಹೊತ್ತು ಮತ್ತು ಯಾಕೆ ಎತ್ತಬೇಕಾಯಿತು ಎಂಬುದು ಆಗಲೇ ನೋಟ್‌ಬುಕ್ಕಿಗೆ.

ಅಳತೆಯಲ್ಲಿ ತಪ್ಪುವವರೇ ಹೆಚ್ಚು. 'ಸಮುದ್ರದ ನೀರಿನಿಂದ 12 ಅಡಿ ದೂರದಲ್ಲಿ' ಎಂದು ಬರೆಯುತ್ತಾರೆ. ಬೆಳಗ್ಗೆ ಏಳಕ್ಕೆ ಇದ್ದ ನೀರು ಎಂಟಕ್ಕೆ ಅಲ್ಲಿರುವುದಿಲ್ಲ, ಆ ಅಳತೆ ಯಾವ ಕಾಗದಕ್ಕೂ ಬೇಡ. 'ತೆಂಗಿನ ಮರದಿಂದ' ಎನ್ನುವವರಿಗೆ ಅಲ್ಲಿರುವ ಮರಗಳನ್ನು ಎಣಿಸಲು ಹೇಳುತ್ತೇವೆ. ಕದಲದ ಎರಡು ಗುರುತು ಬೇಕು: ನಂಬರ್ ಬರೆದ ವಿದ್ಯುತ್ ಕಂಬ, ಕಾಂಪೌಂಡಿನ ಮೂಲೆ, ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲು. ಎರಡರಿಂದಲೂ ತಲೆಗೆ ಒಂದು, ಬಲಗಾಲಿನ ಹಿಮ್ಮಡಿಗೆ ಒಂದು ಅಳತೆ ತೆಗೆದರೆ ಆರು ತಿಂಗಳ ಮೇಲೆ ಬೇರೆಯವರು ಬಂದರೂ ಅದೇ ಜಾಗಕ್ಕೆ ಗೂಟ ಹೊಡೆಯಬಹುದು. ಪರೀಕ್ಷೆಯೂ ಅದೇ. ಒಂದು ತಂಡದ ಅಳತೆಯನ್ನು ಇನ್ನೊಂದು ತಂಡದ ಕೈಗೆ ಕೊಟ್ಟು ಗೂಟ ಹೊಡೆಸುತ್ತೇವೆ. ಮೊದಲ ಜಾಗದಿಂದ ಒಂದು ಗೇಣಿಗಿಂತ ಆಚೆ ಬಿದ್ದರೆ ಮತ್ತೆ ಅಳೆಯಬೇಕು. ಮೊಬೈಲಿನ ಜಿಪಿಎಸ್ ಅಂಕಿಯನ್ನೂ ಬರೆಸುತ್ತೇವೆ, ಆದರೆ ಅದು ನಾಲ್ಕೈದು ಮೀಟರ್ ಆಚೀಚೆ ತೋರಿಸುವುದುಂಟು, ಟೇಪಿನ ಬದಲಿಗೆ ಬಾರದು.

ಎಂಟೂವರೆಗೆ ಕಟ್ಟೆಯ ಮೇಲೆ ಕೂತು ಬರವಣಿಗೆ. ಮೈಸೂರು ಕಡೆ ತಯಾರಾದವರು 'ಮಹಜರು' ಎನ್ನುತ್ತಾರೆ, ನಮ್ಮಲ್ಲಿ 'ಪಂಚನಾಮೆ'. ಈ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿ ಇದ್ದುದರ ಉಳಿಕೆ ಅದು. ಹೆಸರು ಯಾವುದಾದರೇನು, ತಪ್ಪು ಮಾತ್ರ ಒಂದೇ ನಮೂನೆ. ಮೊದಲ ದಿನ ಬರುವ ಸಾಲು ಸಾಧಾರಣವಾಗಿ ಹೀಗಿರುತ್ತದೆ: 'ಸದರಿ ಮೃತನು ಮದ್ಯ ಸೇವಿಸಿದ ಅಮಲಿನಲ್ಲಿ ಈಜಲು ಹೋಗಿ ಮುಳುಗಿ ಮೃತಪಟ್ಟಿದ್ದು ಕಂಡುಬರುತ್ತದೆ.' ಕಂಡದ್ದು ಯಾರಿಗೆ? ಬಾಟಲಿ ಕಂಡಿದೆ, ಅಮಲು ಕಂಡಿಲ್ಲ. ಅದೇ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಮತ್ತೆ ಬರೆಸಿದಾಗ ಹೀಗಾಗುತ್ತದೆ: 'ಶವವು ಬೋರಲಾಗಿದ್ದು ತಲೆ ನೈಋತ್ಯಕ್ಕೆ ಇದೆ. ಬಾಯಿಯ ಎಡಬದಿಯಲ್ಲಿ ಬಿಳಿ ನೊರೆ ಇದೆ. ಬಲ ಅಂಗೈ ಚರ್ಮ ನೆರಿಗೆಗಟ್ಟಿದೆ. ಎಡಗಾಲಿನಿಂದ 2.10 ಮೀಟರ್ ಉತ್ತರಕ್ಕೆ 180 ಮಿ.ಲೀ. ಖಾಲಿ ಬಾಟಲಿ, ಮುಚ್ಚಳ ಇಲ್ಲ.' ಮುಳುಗಿದನೋ, ಮೊದಲೇ ಸತ್ತು ನೀರಿಗೆ ಬಿದ್ದನೋ ಎಂಬುದನ್ನು ಹೇಳುವುದು ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು. ಪಂಚನಾಮೆಯಲ್ಲಿ ನಾವು ಮೊದಲೇ ಕಾರಣ ಬರೆದುಬಿಟ್ಟು ಅವರ ವರದಿ ಬೇರೆ ಹೇಳಿದರೆ, ಉಳಿದ ಕಾಗದಗಳ ಮೇಲೂ ಅನುಮಾನ ಬರುತ್ತದೆ.

ಕಾನೂನಿನ ಭಾಗಕ್ಕೆ ಅರ್ಧ ತಾಸು ಸಾಕು. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದಮೇಲೆ ಹಳೆ ಸಿಬ್ಬಂದಿಗೆ ಕಲಂ ಸಂಖ್ಯೆಗಳೇ ತೊಡಕು. ಹಾಗಾಗಿ ದಿನವೂ ಬೇಕಾಗುವ ನಾಲ್ಕನ್ನು ಮಾತ್ರ ಬಾಯಿಪಾಠ ಮಾಡಿಸುತ್ತೇವೆ. ಎಫ್‌ಐಆರ್‌ಗೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173, ಹಿಂದಿನ ಸಿಆರ್‌ಪಿಸಿಯಲ್ಲಿ 154. ಅಸಹಜ ಸಾವಿಗೆ 194, ಹಿಂದಿನ 174. ಇದರ ವರದಿ 24 ತಾಸಿನೊಳಗೆ ಹೋಗಬೇಕು ಎಂಬುದು ಹೊಸದು. ಶೋಧ ಮತ್ತು ಜಪ್ತಿಯನ್ನು ಪೂರ್ತಿ ವಿಡಿಯೊ ಮಾಡಬೇಕು ಎನ್ನುವುದು 105. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಎನ್ನುವುದು 176(3). ಜಿಲ್ಲೆಯಲ್ಲಿ ಕಾರವಾರ, ಬೇಲೆಕೇರಿ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಕರಾವಳಿ ಕಾವಲು ಪೊಲೀಸ್ ಠಾಣೆಗಳಿವೆ. ತೀರದಲ್ಲಿ ಸಿಕ್ಕಿದ್ದು ಅವರದೋ ನಮ್ಮದೋ ಎಂಬ ಚರ್ಚೆ ಸ್ಥಳದಲ್ಲಿ ಬೇಡ. ಹದ್ದು ಯಾರದೇ ಆಗಿರಲಿ, ಮಾಹಿತಿ ದಾಖಲಿಸಿಕೊಳ್ಳಬೇಕು ಎಂದು 173ರಲ್ಲೇ ಇದೆ.

ವಿಡಿಯೊ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಸಮುದ್ರದ ಗಾಳಿಗೆ ಮೊಬೈಲಿನ ಮೈಕು ಬರೀ ಗರಗರ ಎನ್ನುತ್ತದೆ, ಪಂಚರ ಮಾತು ಒಂದೂ ಕೇಳುವುದಿಲ್ಲ. ಗಾಳಿಗೆ ಬೆನ್ನು ಕೊಟ್ಟು, ಮೈಕಿನ ತೂತಿನ ಮುಂದೆ ಅಂಗೈ ಗುಮ್ಮಟ ಮಾಡಿ ಹಿಡಿದರೆ ಬಹುಪಾಲು ಸರಿಹೋಗುತ್ತದೆ. ಮೊಬೈಲ್ ಅಡ್ಡಕ್ಕೆ. ಮೊದಲಿಗೆ ದಿನಾಂಕ, ಹೊತ್ತು, ಸ್ಥಳ, ಹಾಜರಿದ್ದವರ ಹೆಸರು ಬಾಯಲ್ಲಿ ಹೇಳಬೇಕು. ನಡುವೆ ನಿಲ್ಲಿಸಿದರೆ ಯಾಕೆ ಎಂದು ಹೇಳಿ ನಿಲ್ಲಿಸಬೇಕು. ವಸ್ತು ಎತ್ತಿದ್ದನ್ನು ತೆಗೆದು, ಪಟ್ಟಿ ಬರೆದು ಪಂಚರು ಸಹಿ ಹಾಕಿದ್ದನ್ನು ತೆಗೆಯದೆ ಬರುವ ತಂಡ ಪ್ರತಿ ಬ್ಯಾಚಿನಲ್ಲೂ ಎರಡಿರುತ್ತವೆ. 105 ಕೇಳುವುದು ಸಹಿಯವರೆಗೂ. ಘಟ್ಟದ ಮೇಲೆ ಸಿಗ್ನಲ್ ಇರುವುದಿಲ್ಲ, ಆದ್ದರಿಂದ ಹೊರಡುವ ಮೊದಲೇ ಬ್ಯಾಟರಿ ಮತ್ತು ಮೊಬೈಲಿನಲ್ಲಿ ಖಾಲಿ ಜಾಗ ನೋಡಿಕೊಳ್ಳಬೇಕು.

ಬಟ್ಟೆ ಕಟ್ಟುವ ಪಾಠಕ್ಕೆ ಮುರುಗಲು ರಸ ಬಳಸುತ್ತೇವೆ. ಮೈದಾ ಗಂಜಿಗೆ ಅದನ್ನು ಕಲಸಿ ಎರಡು ಬನಿಯನ್ನಿಗೆ ಬಳಿದರೆ ಒದ್ದೆ ರಕ್ತದ ಹಾಗೇ ಕಾಣುತ್ತದೆ. ಒಂದನ್ನು ಒದ್ದೆ ಇದ್ದ ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟುವುದು. ಇನ್ನೊಂದನ್ನು ನೆರಳಲ್ಲಿ, ಕೆಳಗೆ ಶುಭ್ರ ಕಾಗದ ಹಾಸಿ, ಮಡಿಕೆ ಬೀಳದಂತೆ ಒಣಗಿಸಿ ಖಾಕಿ ಲಕೋಟೆಗೆ. ಆರನೇ ದಿನ ಎರಡನ್ನೂ ಎದುರಲ್ಲೇ ಬಿಚ್ಚುತ್ತೇವೆ. ಪ್ಲಾಸ್ಟಿಕ್ಕಿನದು ಹುಳಿವಾಸನೆ ಹೊಡೆದು ಬೂಸ್ಟು ಹಿಡಿದಿರುತ್ತದೆ. ಡಿಎನ್‌ಎ ಕೆಡುವುದೂ ಹೀಗೆಯೇ, ತೇವ ಮತ್ತು ಸೆಕೆಯಿಂದ. ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಂದು ದಿನಕ್ಕೆ ಒಣಗದು; ಬೀಗ ಹಾಕುವ ಕೋಣೆಯಲ್ಲಿ ಫ್ಯಾನ್ ಹಾಕಿ ಎರಡು ಮೂರು ದಿನ ಬಿಡಬೇಕು, ಬಿಟ್ಟದ್ದನ್ನು ಠಾಣಾ ದಿನಚರಿಯಲ್ಲಿ ಬರೆಯಬೇಕು. ಬಿಸಿಲಿಗೆ ಹಾಕಬಾರದು.

ಅರಗಿನದು ಇನ್ನೊಂದು ಪಾಡು. ಗಾಳಿಗೆ ಮೇಣದಬತ್ತಿ ನಿಲ್ಲುವುದಿಲ್ಲ, ತೇವದ ಬಟ್ಟೆಗೆ ಅರಗು ಹಿಡಿಯುವುದಿಲ್ಲ, ತಣ್ಣಗಾದ ಮೇಲೆ ಹಪ್ಪಳದ ಹಾಗೆ ಎದ್ದುಬರುತ್ತದೆ. ಬಕೆಟ್ ಅಡ್ಡ ಮಲಗಿಸಿ ಒಳಗೆ ಬತ್ತಿ ಹಚ್ಚಿಕೊಂಡರೆ ಆಯಿತು. ದಾರದ ಗಂಟಿನ ಮೇಲೇ ಅರಗು ಬೀಳಬೇಕು, ಮೊಹರಿಗೆ ಸ್ವಲ್ಪ ನೀರು ಸವರಿ ಒತ್ತಬೇಕು. ಮಾದರಿ ಮೊಹರನ್ನು ಬೇರೆ ಹಾಳೆಯಲ್ಲಿ ತೆಗೆಯುವುದನ್ನು ಹತ್ತರಲ್ಲಿ ಆರು ಜನ ಮರೆಯುತ್ತಾರೆ. ಪಂಚನಾಮೆಯ ಕ್ರಮಸಂಖ್ಯೆ, ಪಿ.ಎಫ್. (ಜಪ್ತಿ ವಸ್ತುಗಳ ನಮೂನೆ) ಸಂಖ್ಯೆ, ಎಫ್‌ಎಸ್‌ಎಲ್ ಪತ್ರದ ಸಂಖ್ಯೆ ಮೂರೂ ತಾಳೆಯಾಗದಿದ್ದರೆ ಪೊಟ್ಟಣ ಬೆಂಗಳೂರಿನ ಮಡಿವಾಳದ ಪ್ರಯೋಗಾಲಯದವರೆಗೆ ಹೋಗಿಯೂ ಆಕ್ಷೇಪಣೆ ಹೊತ್ತು ತಿರುಗಿ ಬರಬಹುದು.

ಶಿರಸಿಯಲ್ಲಿ ಇದೇ ಪಾಠ ಅಡಿಕೆ ತೋಟದಲ್ಲಿ. ಅಲ್ಲಿ ಮುಖ್ಯ ಕೆಲಸ ಕೆಂಪು ಮಣ್ಣಿನಲ್ಲಿ ಬಿದ್ದ ಹೆಜ್ಜೆ ಗುರುತಿನ ಅಚ್ಚು ತೆಗೆಯುವುದು. ಒಂದು ಹೆಜ್ಜೆಗೆ ಒಂದು ಕಿಲೋ ಪ್ಲಾಸ್ಟರ್ ಆಫ್ ಪ್ಯಾರಿಸ್, ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರು, ದೋಸೆ ಹಿಟ್ಟಿನ ಹದ. ಹಿಟ್ಟನ್ನು ನೀರಿಗೆ ಉದುರಿಸಬೇಕು. ನೀರನ್ನು ಹಿಟ್ಟಿಗೆ ಸುರಿದರೆ ಗಂಟು ಕಟ್ಟುತ್ತದೆ. ಹೆಜ್ಜೆಯ ಬದಿಗೆ ಚಮಚ ಹಿಡಿದು ಅದರ ಮೇಲೆ ಸುರಿದರೆ ಗುರುತು ಕೆಡದು. ಅರ್ಧ ತುಂಬಿದಾಗ ನಾಲ್ಕು ಕಡ್ಡಿ ಅಡ್ಡ ಇಟ್ಟು ಉಳಿದದ್ದು ಸುರಿಯಬೇಕು. ಅರ್ಧ ತಾಸು ಮುಟ್ಟಬಾರದು. ನಮ್ಮ ಹವೆಗೆ ತೆರೆದಿಟ್ಟ ಪ್ಲಾಸ್ಟರ್ ತೇವ ಎಳೆದುಕೊಂಡು ಸತ್ತಿರುತ್ತದೆ, ಎಷ್ಟು ಹೊತ್ತಾದರೂ ಗಟ್ಟಿಯಾಗುವುದಿಲ್ಲ. ಸ್ಥಳಕ್ಕೆ ಹೊರಡುವ ಮೊದಲು ಒಂದು ಚಮಚ ಕಲಸಿ ನೋಡುವುದು ಕ್ಷೇಮ. ಕಾಲಿಗೆ ಉಂಬಳ ಹತ್ತಿದರೆ ಕೈಗವಸು ಬಿಚ್ಚಿ ಸುಣ್ಣ ಹಚ್ಚಿ, ಹೊಸ ಕೈಗವಸು ಹಾಕಿಕೊಂಡು ಮುಂದುವರಿಯುವುದು. ಇಲ್ಲವಾದರೆ ನಮ್ಮ ರಕ್ತವೇ ಸಾಕ್ಷ್ಯಕ್ಕೆ ಬೀಳುತ್ತದೆ.

ಕೊನೆಯ ದಿನ ಅಣಕು ನ್ಯಾಯಾಲಯ. ಬರೆದ ಹದಿನೈದು ದಿನಕ್ಕೆ ಇಡುತ್ತೇವೆ, ಅಷ್ಟರಲ್ಲಿ ಅರ್ಧ ಮರೆತಿರಬೇಕು. ನಮ್ಮಲ್ಲೊಬ್ಬರು ಆರೋಪಿ ಪರ ವಕೀಲರಾಗುತ್ತಾರೆ.

'ಪಂಚನಾಮೆ 7.10ರಿಂದ 8.20ರವರೆಗೆ ನಡೆಯಿತು ಅಂತೀರಿ?'

'ಹೌದು ಸರ್.'

'ದಿನಚರಿಯಲ್ಲಿ ನೀವು 8.05ಕ್ಕೆ ಠಾಣೆಗೆ ಬಂದು ಕರ್ತವ್ಯಕ್ಕೆ ವರದಿ ಮಾಡಿದ್ದೀರಲ್ಲ?'

ಇಲ್ಲಿಗೆ ಮಾತು ನಿಲ್ಲುತ್ತದೆ. ಹೊತ್ತನ್ನು ಕೊನೆಯಲ್ಲಿ ಅಂದಾಜಿಗೆ ತುಂಬುವುದರ ಫಲ ಇದು. ತಿದ್ದಿ ಬರೆದದ್ದು, ಖಾಲಿ ಬಿಟ್ಟ ಜಾಗ, ಎರಡನೇ ಪುಟಕ್ಕೆ ಪಂಚರ ಸಹಿ ಇಲ್ಲದ್ದು, ಇವೂ ಇಲ್ಲೇ ಹೊರಬೀಳುತ್ತವೆ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು, ಅಳಿಸುವ ಬಿಳಿ ಶಾಯಿ ಹತ್ತಿರಕ್ಕೂ ಬರಬಾರದು.

ಆಮೇಲೆ ಪಂಚರ ಸರದಿ. ಗೋಕರ್ಣದಂಥ ಕಡೆ ಕೈಗೆ ಸಿಕ್ಕ ಪ್ರವಾಸಿಯನ್ನು ಪಂಚನಾಗಿ ಹಿಡಿದರೆ ಎರಡು ವರ್ಷದ ಮೇಲೆ ಸಮನ್ಸ್ ಹೊತ್ತು ಪುಣೆಗೆ ಹೋಗಬೇಕಾಗುತ್ತದೆ. ಅದೇ ಊರಿನ, ಠಾಣೆಯ ಹಂಗಿಲ್ಲದ ಇಬ್ಬರು ಬೇಕು. ಕಾರವಾರದಲ್ಲಿ ಅವರು ಹೆಚ್ಚಾಗಿ ಕೊಂಕಣಿ ಮಾತಾಡುವವರು, ಕಾಗದ ಕನ್ನಡದಲ್ಲಿ. 'ಓದಿ ಹೇಳಲಾಗಿ ಸರಿ ಎಂದು ಒಪ್ಪಿ ಸಹಿ ಮಾಡಿರುತ್ತಾರೆ' ಎಂಬ ಮಾಮೂಲು ಸಾಲು ಸಾಲದು. ಯಾರು, ಯಾವ ಭಾಷೆಯಲ್ಲಿ ವಿವರಿಸಿದರು ಎಂದು ಹೆಸರು ಸಮೇತ ಬರೆಸುತ್ತೇವೆ. ಬರೆದ ಮೇಲೆ ಪಂಚನನ್ನು ಪಕ್ಕಕ್ಕೆ ಕರೆದು, ಕಾಗದ ತೋರಿಸದೆ, ಅದರಲ್ಲಿ ಏನಿದೆ ಎಂದು ಕೇಳುತ್ತೇವೆ. ಚಪ್ಪಲಿ ಯಾವ ಕಾಲಿನದು ಎಂದು ಅವನು ಹೇಳಲಾರದಿದ್ದರೆ ತಂಡ ಮತ್ತೆ ಮೊದಲಿನಿಂದ ಓದಿ ಹೇಳಬೇಕು.