ಗೋಡೆಯಾಚೆ ಸರಕು: ಕಾಂಬಿ ವಿಮಾನದಲ್ಲಿ ನಾನು ಹೋಗಿದ್ದು

ಎಲ್ಲ ಪ್ಯಾಸೆಂಜರ್ ವಿಮಾನಗಳ ಹೊಟ್ಟೆಯಲ್ಲೂ ಸರಕು ಇರುತ್ತದೆ. ಕಾಂಬಿ ಅದಲ್ಲ, ಅದು ಜನ, ಸರಕು ಎರಡನ್ನೂ ಒಂದೇ ಅಂತಸ್ತಿನಲ್ಲಿ ಒಯ್ಯುವ ವಿಮಾನ. ನಾವು ಕೂರುವ ಮಟ್ಟದಲ್ಲೇ, ಒಂದು ಗೋಡೆಯ ಆಚೆ ಪ್ಯಾಲೆಟ್‌ಗಳು, ಅಂದ್ರೆ ಸರಕು ಜೋಡಿಸಿ ಕಟ್ಟಿದ ಹಲಗೆಗಳು, ನಿಂತಿರುತ್ತವೆ.

ಟಿಕೆಟ್ ಕೊಳ್ಳುವಾಗ ಇದು ಕಾಂಬಿ ಅಂತ ಎದ್ದು ಕಾಣೋದು ಕಡಿಮೆ. ಹಾಗಾಗಿ ನಾನು ವೇಳಾಪಟ್ಟಿಯ ವಿಮಾನ ಕೋಡ್ ನೋಡುತ್ತಿದ್ದೆ. 744 ಅಂದ್ರೆ ಮಾಮೂಲಿ ಬೋಯಿಂಗ್ 747-400, 74ಇ ಅಂದ್ರೆ ಅದರದೇ ಕಾಂಬಿ. ಕೋಡ್ ಸಿಗದಿದ್ದರೆ ಸೀಟ್ ಮ್ಯಾಪ್ ಸಾಕು. ಡಚ್ ವಿಮಾನ ಸಂಸ್ಥೆ ಕೆಎಲ್‌ಎಂನ ಮಾಮೂಲಿ 747ರಲ್ಲಿ 408 ಸೀಟು ಇದ್ದವು, ಕಾಂಬಿಯಲ್ಲಿ 268. ಹಿಂಭಾಗದ ಸಾಲುಗಳು ಇದ್ದಕ್ಕಿದ್ದಂತೆ ಮುಗಿದುಬಿಟ್ಟರೆ ಅಲ್ಲೇ ಗೋಡೆ ಅಂತ ತಿಳಿಯಬೇಕು.

ಆ ಗೋಡೆಗೆ ಹತ್ತಿರದ ಸೀಟನ್ನೇ ನಾನು ಆರಿಸುತ್ತಿದ್ದೆ. ಬೇಗ ಹತ್ತಿ ಕೂತರೆ ಲೋಡಿಂಗ್ ನಡೆಯುವುದು ಗೊತ್ತಾಗುತ್ತದೆ. ಬಾಲದ ಹತ್ತಿರ ಎಡಗಡೆ ದೊಡ್ಡ ಬಾಗಿಲು ಮೇಲಕ್ಕೆ ತೆರೆದಿರುತ್ತದೆ. ನೆಲದ ರೋಲರ್‌ಗಳ ಮೇಲೆ ಪ್ಯಾಲೆಟ್ ಗಡಗಡ ಅಂತ ಉರುಳಿ ಬರುವುದು ಮೊದಲು ಕಾಲಿಗೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ. ಜಾಗಕ್ಕೆ ಬಂದ ಮೇಲೆ ಲಾಕ್ ಬೀಳುವ ಟಕ್ ಸದ್ದು. ಹೂವು, ಯಂತ್ರದ ಭಾಗ, ಕೆಲವೊಮ್ಮೆ ಕುದುರೆಗಳೂ ಹೀಗೆ ಹೋಗುತ್ತಿದ್ದವು. ಕುದುರೆ ಇದ್ದರೆ ಜೊತೆಗೆ ನೋಡಿಕೊಳ್ಳುವವರೂ ಇರುತ್ತಾರೆ. ಒಮ್ಮೆ ಹಾರಿದ ಮೇಲೆ ಮಾತ್ರ ಏನೂ ವಿಶೇಷ ಇಲ್ಲ. ಅದೇ ಊಟ, ಅದೇ ನಿದ್ದೆ.

ಅಲಾಸ್ಕಾದಲ್ಲಿ ಲೆಕ್ಕ ಉಲ್ಟಾ ಇತ್ತು. ಅಲಾಸ್ಕಾ ಏರ್‌ಲೈನ್ಸ್‌ನ 737-400 ಕಾಂಬಿಗಳಲ್ಲಿ ಸರಕು ಮುಂದೆ, ಜನ ಹಿಂದೆ ಇರುತ್ತಿದ್ದರು. ನಾಲ್ಕು ಪ್ಯಾಲೆಟ್, 72 ಸೀಟು. ಹತ್ತುತ್ತಿದ್ದುದೂ ಇಳಿಯುತ್ತಿದ್ದುದೂ ಹಿಂಬಾಗಿಲಿನಿಂದಲೇ. ಬಿಸಿನೆಸ್ ಕ್ಲಾಸ್ ಅನ್ನೋ ರಗಳೆಯೇ ಇರಲಿಲ್ಲ. ಪೈಲಟ್‌ಗಳಿಗೂ ನಮಗೂ ಮಧ್ಯೆ ಸಾಮಾನು, ಸುಮ್ನೆ ಯೋಚಿಸಿ! ಸಿಯಾಟಲ್‌ನಿಂದ ಕೆಚಿಕನ್, ರ‍್ಯಾಂಗಲ್, ಪೀಟರ್ಸ್‌ಬರ್ಗ್, ಜೂನೊ ಅಂತ ನಿಂತು ನಿಂತು ಹೋಗುವ ದಾರಿಯನ್ನು ಅಲ್ಲಿಯವರು ಮಿಲ್ಕ್ ರನ್ ಅನ್ನುತ್ತಾರೆ. ರ‍್ಯಾಂಗಲ್‌ನಿಂದ ಪೀಟರ್ಸ್‌ಬರ್ಗ್‌ಗೆ ಸುಮಾರು 50 ಕಿಲೋಮೀಟರ್ ಅಷ್ಟೇ. ಬೆಲ್ಟ್ ಬಿಚ್ಚುವ ಮೊದಲೇ ಇಳಿಯುವ ಹೊತ್ತು. ಈ ಊರುಗಳಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಹೋಗುವಾಗ ಹಾಲು, ತರಕಾರಿ, ಔಷಧಿ, ಬರುವಾಗ ಮೀನು. ಕಾಂಬಿ ಇಲ್ಲಿ ಶೋಕಿಯಾಗಿರಲಿಲ್ಲ, ಅಂಗಡಿಗೆ ಸಾಮಾನು ಬರುವ ದಾರಿಯಾಗಿತ್ತು. ಅದಕ್ಕೇ ನನಗೆ ದೊಡ್ಡ 747ಗಿಂತ ಇದೇ ಜಾಸ್ತಿ ಇಷ್ಟವಾಯಿತು.

ಭಯ ಆಗಲ್ವಾ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 1987ರ ನವೆಂಬರ್ 28ರಂದು ತೈಪೆಯಿಂದ ಮಾರಿಷಸ್ ಮೂಲಕ ಜೋಹಾನ್ಸ್‌ಬರ್ಗ್‌ಗೆ ಹೊರಟಿದ್ದ ಸೌತ್ ಆಫ್ರಿಕನ್ ಏರ್‌ವೇಸ್‌ನ 747 ಕಾಂಬಿ ಹಿಂದೂ ಮಹಾಸಾಗರಕ್ಕೆ ಬಿತ್ತು. 159 ಜನರೂ ಸತ್ತರು. ಬೆಂಕಿ ಹತ್ತಿದ್ದು ಮುಖ್ಯ ಅಂತಸ್ತಿನ, ಅಂದ್ರೆ ಜನ ಕೂರುವ ಮಟ್ಟದ, ಸರಕಿನಲ್ಲೇ. ಸಿಬ್ಬಂದಿ ಒಳಗೆ ಹೋಗಿ ಕೈಯಲ್ಲಿ ಹಿಡಿದ ಎಕ್ಸ್‌ಟಿಂಗ್ವಿಷರ್‌ನಿಂದ ಬೆಂಕಿ ಆರಿಸಬಹುದು ಅನ್ನುವ ಹಳೆಯ ನಂಬಿಕೆ ಅಲ್ಲಿಗೆ ಮುಗಿಯಿತು. ಆಮೇಲೆ ನಿಯಮ ಬಿಗಿಯಾಯಿತು. ಹಾಗಾಗಿ ಆಮೇಲಿನ ಕಾಂಬಿಗಳಲ್ಲಿ ಕೂರುವಾಗ ನಾನೇನೂ ಹೆದರಲಿಲ್ಲ.

ಅಲಾಸ್ಕಾದ ಕಾಂಬಿಗಳು 2017ರ ಅಕ್ಟೋಬರ್‌ನಲ್ಲಿ ನಿಂತವು, ಕೆಎಲ್‌ಎಂನವು 2020ರ ಮಾರ್ಚ್‌ನಲ್ಲಿ. ಈಗ ಹುಡುಕುವವರು ಕೆನಡಾದ ಉತ್ತರಕ್ಕೆ ನೋಡಬೇಕು. ನುನಾವುಟ್‌ನಂಥ ಕಡೆ ಸರಕಿನ ಜೊತೆ ಜನರನ್ನೂ ಒಯ್ಯುವ ವಿಮಾನಗಳು ಇವೆ. ಗೋಡೆಯನ್ನು ಹಿಂದೆ ಮುಂದೆ ಸರಿಸಬಹುದಾದ್ದರಿಂದ ಸೀಟುಗಳ ಸಂಖ್ಯೆಯೂ ಬದಲಾಗುತ್ತದೆ. ಹವಾಮಾನ ಕೆಟ್ಟರೆ ಜನ, ಸರಕು ಎರಡೂ ಕಾಯಬೇಕು. ಅದೇ ದಿನ ಇನ್ನೊಂದು ವಿಮಾನ ಹಿಡಿಯುವ ಪ್ಲಾನ್ ಇಟ್ಟುಕೊಳ್ಳಬೇಡಿ. ಔಷಧಿ, ಬೆಚ್ಚನೆ ಬಟ್ಟೆ ಕೈಚೀಲದಲ್ಲೇ ಇರಲಿ.